ಮಿರಗದ ಮಳೆಗೆ ಮೊದಲು ಒಂದು ಹುಳದ ಗುರುತು

ಕಳೆದ ವಾರ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ, ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಚೀಲದಿಂದ ಸಣ್ಣ ಸೀಸೆಯೊಂದನ್ನು ತೆಗೆದು, ಹತ್ತಿಯನ್ನು ಅದರಲ್ಲಿ ಅದ್ದಿ, ಉಗುರಿನ ಬಣ್ಣ ಒರೆಸತೊಡಗಿದಳು. ಮಾಗಿದ ಹಣ್ಣು ಕೊಳೆಯುವ ಮುನ್ನ ಬರುವಂಥ, ಸಿಹಿಯೂ ಕಟುವೂ ಆದ ವಾಸನೆ ಬಸ್ಸಿನ ತುಂಬ ಹರಡಿತು. ನನ್ನ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು.

"ಯಾಕ್ರಿ ಅಜ್ಜಾರ, ಎದಿ ನೋಯಾಕತ್ತದೇನ್ರಿ?" ಎಂದು ಪಕ್ಕದವರು ಕೇಳಿದರು.

"ಇಲ್ಲಪ್ಪ. ಆ ವಾಸನಿ."

"ಏ ತಂಗಿ, ಜರಾ ಖಿಡಕಿ ತೆಗಿಯವ್ವ. ಹಿರಿಯಾರಿಗೆ ತ್ರಾಸ ಆಗಾಕತ್ತದ," ಎಂದು ಅವರು ಹೇಳಲು, ಆ ಮಗು ನಾಚಿ ಸೀಸೆಯ ಮುಚ್ಚಳ ಬಿಗಿದಳು. ಉಗುರಿಗೆ ಬಣ್ಣ ಹಚ್ಚುವುದನ್ನೇ ಈ ವಿಭೂತಿಯ ಮುದುಕ ಮೆಚ್ಚನೆಂದು ಆಕೆ ತಿಳಿದಿರಬೇಕು. ಕಾರಣ ಅದಲ್ಲ. ಆ ದ್ರವದ ವಾಸನೆ ನನಗೆ ಒಂದು ಜೀವ ಹೋದ ವಾಸನೆ. ರೋಹಿಣಿ ಮಳೆಗಾಗಿ ನಾನು ಆಕಾಶ ನೋಡುತ್ತ ಕುಳಿತ ಆ ಬೇಸಿಗೆಯ ಕೊನೆ ಅದರೊಳಗೇ ಇದೆ.

ನಮ್ಮ ಹೊಲ ಮೋರಖಂಡಿಯ ದಾರಿಯಲ್ಲಿದೆ. ಅದರ ಮೂಡಣ ಬದುವಿನ ಮೇಲೆ ಒಂದು ಬಿಲ್ವದ ಮರ. ಮರದ ಬುಡದಲ್ಲಿ ನನ್ನ ಧರ್ಮಪತ್ನಿ ನೀಲಮ್ಮನ ಗದ್ದುಗೆ. ನಮ್ಮಲ್ಲಿ ಅಗಲಿದವರನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿಯೇ, ವಿಭೂತಿ ಪತ್ರೆಗಳೊಡನೆ, ಮಣ್ಣಿಗೆ ಒಪ್ಪಿಸುತ್ತೇವೆ. ತನ್ನನ್ನು ಆ ಮರದ ಕೆಳಗೇ ಕೂರಿಸಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಅವಳು ಬದುಕಿದ್ದಷ್ಟು ಕಾಲ ನಮ್ಮ ಮನೆಯ ಪೂಜೆಯ ಪತ್ರೆ ಆ ಮರದ್ದೇ. ಪೂಜೆ ಮುಗಿದ ಮೇಲೆ ಲಿಂಗದಿಂದ ಇಳಿದ ಪತ್ರೆ ನಿರ್ಮಾಲ್ಯವಾಗುತ್ತದೆ; ಅದನ್ನು ಯಾರ ಕಾಲೂ ಸೋಕಬಾರದು. ನೀಲಮ್ಮ ಅದನ್ನು ಬುಟ್ಟಿಯಲ್ಲಿ ಕೂಡಿಟ್ಟು, ಹೊಲಕ್ಕೆ ಹೋಗುವಾಗ ಒಯ್ದು, ಆ ಬಿಲ್ವದ ಬುಡಕ್ಕೇ ಸುರಿಯುತ್ತಿದ್ದಳು. "ಮರದ್ದು ಮರಕ್ಕ" ಎನ್ನುವುದು ಅವಳ ಮಾತು. ಅವಳ ನಂತರ ನನ್ನ ತಮ್ಮ ಗುರುಬಸಪ್ಪನ ಹೆಂಡತಿ ಕಾಶೀಬಾಯಿ ಆ ಬುಟ್ಟಿಯನ್ನು ಎತ್ತಿಕೊಂಡಳು. ನಾವೆಲ್ಲ ಪೇಟೆಯ ಒಂದೇ ಮನೆಯಲ್ಲಿರುವವರು. ಒಲೆ ಒಂದು, ದೇವರ ಕೋಣೆ ಒಂದು. ಹೀಗಾಗಿ ಗದ್ದುಗೆಯ ಸುತ್ತಲಿನ ಆ ಪಟ್ಟಿಗೆ ವರುಷಗಳಿಂದ ನೇಗಿಲು ತಾಗಿರಲಿಲ್ಲ, ಕಾಲೂ ತಾಗಿರಲಿಲ್ಲ.

ಅದೇ ಬುಡದಲ್ಲಿ ನೀಲಮ್ಮ ನನಗೆ ಆ ಹುಳವನ್ನು ತೋರಿಸಿದ್ದಳು. ಅಕ್ಕಿಯ ಕಾಳಿಗಿಂತ ದೊಡ್ಡದಲ್ಲ. ಹುರಿದ ಹುಣಸೆ ಬೀಜದ ಬಣ್ಣ. ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ತಿರುವಿ ಹಾಕಲು ನಾನು ಬೆರಳು ಚಾಚಿದೆ.

"ಕೈ ಹಚ್ಚಬ್ಯಾಡ್ರಿ," ಎಂದಳು. "ತಾನ ಏಳತದ. ನೋಡ್ರಿ."

ಹುಳ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಟಿಕ್ ಎಂದು ಗೇಣೆತ್ತರ ಹಾರಿ, ಮತ್ತೆ ಅಂಗಾತವೇ ಬಿತ್ತು. ಪುನಃ ಬಗ್ಗಿತು, ಪುನಃ ಹಾರಿತು, ಪುನಃ ಬಿತ್ತು. ನನಗೆ ಬೇಸರ ಬಂದರೂ ಅವಳಿಗೆ ಬರಲಿಲ್ಲ. ಕೊನೆಗೆ ಅದು ಕಾಲಿನ ಮೇಲೆ ಬಿದ್ದು ಹೊರಟುಹೋದಾಗ, "ನಿಮ್ಮ ಶಾಲಿ ಹುಡುಗರಗತೆ ಅದ," ಎಂದು ನಕ್ಕಳು.

ಗುರುಬಸಪ್ಪ ಆ ಹೊಲದಲ್ಲಿ ಶುಂಠಿ ಹಾಕತೊಡಗಿದ್ದು ಅವಳು ಹೋದ ಮೇಲೆ. ಮೊದಲ ಬೆಳೆ ಚೆನ್ನಾಗಿಯೇ ಬಂದಿತು. ಅನಂತರ ಎರಡು ವರ್ಷ, ಬದುವಿನ ಕಡೆಯ ಮಡಿಗಳಿಂದ ಆರಂಭವಾಗಿ, ಗಡ್ಡೆಗಳೆಲ್ಲ ತೂತು ತೂತಾದವು. ಅಗೆದು ನೋಡಿದರೆ ತಾಮ್ರದ ತಂತಿಯಂಥ ಹಳದಿ ಮರಿಹುಳಗಳು. ಬೆರಳಲ್ಲಿ ಒತ್ತಿದರೂ ಜಜ್ಜಿಹೋಗದಷ್ಟು ಗಟ್ಟಿ. ಶುಂಠಿಯ ಘಮ ಬರಬೇಕಾದ ಮಣ್ಣಿನಿಂದ ಕೊಳೆತ ವಾಸನೆ ಬರುತ್ತಿತ್ತು.

ಚೈತ್ರದ ಒಂದು ಬಿರುಗಾಳಿಗೆ ಬಿಲ್ವದ ದೊಡ್ಡ ಕೊಂಬೆ ಮುರಿದು ಬಿದ್ದಾಗ ಮರದ ಒಡಲು ಟೊಳ್ಳಾಗಿರುವುದು ತಿಳಿಯಿತು. ಆ ಟೊಳ್ಳಿನ ಹೊಟ್ಟಿನಲ್ಲಿ ಅವೇ ಹಳದಿ ಮರಿಹುಳಗಳು ಹರಿದಾಡುತ್ತಿದ್ದವು.

"ಅಣ್ಣಾ, ಇವುಗಳ ಮನಿ ಸಿಕ್ತು ನೋಡು," ಎಂದ ಗುರುಬಸಪ್ಪ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇಲ್ಲಿ ಹುಟ್ಟಿ ನನ್ನ ಶುಂಠಿಗೆ ಬರಾಕತ್ತಾವ. ಮರ ಅರ್ಧ ಸತ್ತೇ ಅದ. ಕಡದು ಸುಟ್ಟು ಬುಡಕ್ಕ ಔಷಧಿ ಹೊಯ್ಯೋದ ಛಲೋ. ವೈನಿ ಗದ್ದುಗಿಗೆ ಏನೂ ಆಗಗೊಡಂಗಿಲ್ಲ. ಹೊಸಾ ಸಸಿ ನಾನ ಹಚ್ಚತೀನಿ."

ಬಿಲ್ವವನ್ನು ಕಡಿಯುವ ಮಾತನ್ನು ಅವನು ಸುಮ್ಮನೆ ಆಡುವವನಲ್ಲ. ಎರಡು ವರ್ಷ ಅವನ ಬೆವರು ಕೊಳೆತದ್ದನ್ನು ನಾನೂ ನೋಡಿದ್ದೆ. ಆದರೆ ಆ ಮರ ಹೋದರೆ ನೀಲಮ್ಮ ಬಯಲಲ್ಲಿ ಕುಳಿತಂತಾಗುತ್ತದೆ ಎಂಬುದೊಂದೇ ನನಗೆ ತೋಚಿದ್ದು.

"ಇದೇ ಹುಳ ಅಂತ ಹ್ಯಾಂಗ ಹೇಳತಿ?" ಎಂದು ಕೇಳಿದೆ.

"ಹಳದಿ ಅದ, ಗಟ್ಟಿ ಅದ. ಮತ್ತೇನು ಬೇಕು?"

ತರ್ಕಶಾಸ್ತ್ರ ಕಲಿತವನಿಗೆ ಅದರ ದೋಷ ಕೂಡಲೇ ಕಾಣುತ್ತದೆ. ಕೊಂಬಿದ್ದದ್ದೆಲ್ಲ ಹಸು ಎಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ. ಲಕ್ಷಣವು ಗುರಿಯನ್ನು ಮೀರಿ ಹರಿಯುವ ಈ ದೋಷಕ್ಕೆ ಅತಿವ್ಯಾಪ್ತಿ ಎಂದು ಹೆಸರು. ಅದನ್ನು ತಮ್ಮನಿಗೆ ವಿವರಿಸಿದೆ. ಅವನು ಸಾವಧಾನವಾಗಿ ಕೇಳಿ, "ಹಂಗಾರ ಬರೋಬರಿ ಲಕ್ಷಣ ಯಾವುದು, ನೀನ ಹೇಳು," ಎಂದ. ನಾನು ಟೊಳ್ಳಿನ ಒಂದು ಮರಿಹುಳದ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಂಡೆ.

"ಮಿರಗ ಹತ್ತೂತನಕ ತಡಿತೀನಿ," ಎಂದ. ರೋಹಿಣಿಯ ಹಿಂದೆ ಬರುವ ಮೃಗಶಿರಾ ಮಳೆಯೇ ನಮ್ಮ ಕಡೆಯ ಮಿರಗ. "ಮಿರಗದ ಮಳಿ ಬಂದ್ರ ಬೀಜ ಊರಬೇಕು. ಅಷ್ಟರಾಗ ಈ ಹುಳ ಬ್ಯಾರೆ, ಆ ಹುಳ ಬ್ಯಾರೆ ಅಂತ ತೋರಸು. ಮರ ಮುಟ್ಟಂಗಿಲ್ಲ."

ಹುಮನಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸುಜಾತಾ ಮೋರಖಂಡಿಯ ದಲಿತ ಕೇರಿಯ ಬೌದ್ಧ ಮನೆತನದವಳು. ಪ್ರೌಢಶಾಲೆಯಲ್ಲಿ ನನ್ನ ಬಳಿ ಸಂಸ್ಕೃತ ಓದಿದವಳು. ಕೀಟಗಳ ಮೇಲೆಯೇ ಅವಳ ಸಂಶೋಧನೆ. ಮರುದಿನವೇ ಬಸ್ಸು ಹತ್ತಿದೆ. ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಸರ. ಶಬ್ದರೂಪ ಒಪ್ಪಸಂತ ಕೇಳಾಕ ಬಂದಿಲ್ಲಲ್ರಿ? ನಿಮ್ಮ ರಾಮಃ ರಾಮೌ ಕಿಂತ ಹುಳದ ಕಾಲ ಎಣಸೋದು ಹಗರ ಅದ್ರಿ," ಎಂದಳು.

ಫೋನಿನಲ್ಲಿ ಹಿಡಿದು ತಂದಿದ್ದ ಮರಿಹುಳದ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದೆ. ಅವಳ ನಗು ನಿಂತಿತು. ಒಂದು ಪೆಟ್ಟಿಗೆಯಿಂದ, ಸೂಜಿಗೆ ಚುಚ್ಚಿದ ಎರಡು ಹುಳಗಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೀಲಮ್ಮ ತೋರಿಸಿದ ಹುಳವೇ; ಹಳದಿ ಮರಿಗಳು ಬೆಳೆದು ಆಗುವುದು ಇದೇ ಎಂದಳು. "ಏನಾರ ಫರಕ್ ಕಾಣತದೇನ್ರಿ ಸರ?"

ಎಷ್ಟು ಹೊತ್ತು ನೋಡಿದರೂ ಅದೇ ಬಣ್ಣ, ಅದೇ ಮೀಸೆ, ಬೆನ್ನಿನ ಮೇಲೆ ಅದೇ ಗೆರೆ.

"ಒಂದು ಮರದ್ದು, ಒಂದು ಮಣ್ಣಿಂದು," ಎಂದಳು. "ಮರದ್ದು ಲಡ್ಡಾದ ಕಟಗಿಯೊಳಗ ಬ್ಯಾರೆ ಹುಳದ ಮರಿ ತಿಂದು ಬದುಕತದ, ಗಡ್ಡಿಗೆ ಬರಂಗಿಲ್ಲ. ಮಣ್ಣಿಂದು ಬೇರು ಗಡ್ಡಿ ಎಲ್ಲಾ ಕೊರೀತದ. ಇವೆರಡರ ಮರಿ ನೋಡಿ ಹೇಳಾಕ ಆಗಂಗಿಲ್ರಿ, ಒಂದ ನಮೂನಿ ಇರತಾವ. ರೆಕ್ಕಿ ಬಂದ ಗಂಡು ಹುಳ ಬೇಕು. ಅದರ ಹೊಟ್ಟಿ ಬಿಚ್ಚಿ ಒಳಗಿನ ಅಂಗ ನೋಡಿದ್ರ ಮಾತ್ರ ಗುರುತು."

"ಹೊಟ್ಟಿ ಬಿಚ್ಚಿ ಅಂದ್ರ..."

"ಕೊಲ್ಲಬೇಕಾಗತದ್ರಿ ಸರ."

ತಾನಾಗಿ ಸತ್ತದ್ದು ಆಗದೇ ಎಂದೆ. ಅಂಥದರ ಹೊಟ್ಟೆಯನ್ನು ಇರುವೆ ತಿಂದಿರುತ್ತದೆ ಎಂದಳು. ಲಿಂಗದೀಕ್ಷೆಯಾದಂದಿನಿಂದ ಅರಿತು ಒಂದು ಜೀವವನ್ನು ತೆಗೆದವನಲ್ಲ ನಾನು. ಅವಳು ಮೆಲ್ಲಗೆ ಹೇಳಿದಳು: "ನಮ್ಮ ಮನ್ಯಾಗ ಪಂಚಶೀಲ ಹೇಳತೇವ್ರಿ. ಜೀವ ತೆಗೀಬಾರದು ಅನ್ನೋದು ಅದರಾಗ ಮೊದಲನೇದು. ಪ್ರತಿ ಸರ್ತಿ ಹುಳ ಕೊಲ್ಲೋ ಬಾಟ್ಲಿ ಮುಚ್ಚುವಾಗ ನೆನಪಾಗತದ್ರಿ. ಆದ್ರೂ ಮುಚ್ಚತೀನಿ."

ರೆಕ್ಕೆಯ ಹುಳ ಹೊರಬರಬೇಕಾದರೆ ಮಳೆ ಬೇಕು. ಆ ವರ್ಷ ರೋಹಿಣಿ ನಕ್ಷತ್ರ ಹುಟ್ಟಿಯೂ ಮಳೆಯಿಲ್ಲ. ಬೆಳಗಿನ ಪೂಜೆಗೆ ಕುಳಿತರೆ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲದೆ ಕಿಟಕಿಯಾಚೆಯ ಬಿಳಿಯ ಆಕಾಶಕ್ಕೆ ಹೋಗುತ್ತಿತ್ತು. ಮಳೆ ಬರಲೆಂದು ಬೇಡಿದರೆ ಮಿರಗವೂ ಬೇಗ ಬರಲೆಂದು ಬೇಡಿದಂತೆ. ಬಾರದಿರಲೆಂದು ಬೇಡಿದರೆ ಹುಳವಿಲ್ಲ, ಲೋಕಕ್ಕೂ ಕೇಡು. ಏನನ್ನು ಬೇಡಬೇಕೆಂದು ತಿಳಿಯದೆ ಕೈಯಲ್ಲಿ ಲಿಂಗ ಹಿಡಿದು ಸುಮ್ಮನೆ ಕುಳಿತ ದಿನಗಳು ನನ್ನ ಆಯುಷ್ಯದಲ್ಲಿ ಅವೇ ಮೊದಲು.

ಒಂದು ಮಧ್ಯಾಹ್ನ, ಮಿರಗಕ್ಕೆಂದು ಗುರುಬಸಪ್ಪ ಮೊದಲೇ ಗೊತ್ತುಮಾಡಿದ್ದ ಯಂತ್ರದ ಗರಗಸದವನು ಚಿಟಗುಪ್ಪದಿಂದ ಬಂದು ಮರದ ಸುತ್ತಳತೆ ತೆಗೆದುಕೊಂಡ. ನಾನು ಅಡ್ಡ ನಿಂತು ಹುಳದ ಜಾತಿಯ ಮಾತು ಹೇಳಿದೆ. "ಮಾಸ್ತರ್ರ, ನನ್ನ ಮಶೀನಿಗೆ ಹುಳದ ಜಾತಿ ತಿಳಿಯಂಗಿಲ್ರಿ. ಕಟಗಿ ಹಸಿದೋ ಒಣದೋ ಅಷ್ಟ ತಿಳಿತದ," ಎಂದು ನಕ್ಕು, ಕಾಂಡದ ಮೇಲೆ ಸುಣ್ಣದ ಗೆರೆ ಎಳೆದು ಹೋದ. ಗೆರೆ ನೀಲಮ್ಮನ ಗದ್ದುಗೆಗೆ ನೇರ ಎದುರಿಗಿತ್ತು. ಆ ಸಂಜೆ ನಾನು ಅದನ್ನು ಪಂಚೆಯ ಸೆರಗಿನಿಂದ ಒರೆಸಿದೆ. ಮರುದಿನ ಹೋದಾಗಲೂ ಅದು ತೊಗಟೆಯಲ್ಲಿ ಉಳಿದಿತ್ತು.

ರೋಹಿಣಿ ಕೊನೆಗೂ ಒಂದು ಸಂಜೆ ಸುರಿಯಿತು. ಮಳೆ ನಿಂತೊಡನೆ ಹೊಲಕ್ಕೆ ಓಡಿದೆ. ಟೊಳ್ಳಿನ ಬಾಯಲ್ಲಿ ಹುಳಗಳು ಹೊರಬಂದು ಕುಳಿತಿದ್ದವು. ಒಂದೇ ಜೀವ ಸಾಕೆಂದು ಒಂದನ್ನೇ ಹಿಡಿದು ಖಾಲಿ ಕಡ್ಡಿಪೆಟ್ಟಿಗೆಯಲ್ಲಿಟ್ಟು ಅಂಗಿಯ ಎದೆಯ ಜೇಬಿಗೆ ಹಾಕಿಕೊಂಡೆ. ಮರುದಿನ ಹುಮನಾಬಾದಿನವರೆಗೂ, ಒಂದೇ ಬಟ್ಟೆಯ ಅಂತರದಲ್ಲಿ, ಕರಡಿಗೆಯ ಮಗ್ಗುಲಲ್ಲಿ ಅದು ಟಿಕ್ ಟಿಕ್ ಎನ್ನುತ್ತಿತ್ತು.

ಸುಜಾತಾ ಅಗಲಬಾಯಿಯ ಸೀಸೆಯ ತಳಕ್ಕೆ ಹತ್ತಿಯಿಟ್ಟು ದ್ರವ ಹನಿಸಿದಳು. ಆ ವಾಸನೆ ಮೊದಲ ಬಾರಿ ನನ್ನ ಮೂಗಿಗೆ ಬಡಿಯಿತು. "ನೀವು ಹೊರಗ ಕೂಡ್ರಿ ಸರ," ಎಂದಳು. ನನಗಾಗಿ ಹೋಗುವ ಜೀವ. ನೋಡದೆ ಕುಳಿತರೆ ಅದು ಇನ್ನೊಂದು ಪಾಪ. ನಿಂತು ನೋಡಿದೆ. ಹುಳ ತೂಗಾಡಿತು, ಅಂಗಾತ ಬಿತ್ತು, ಕಾಲು ಮಡಚಿತು. ಮುಗಿಯಿತೆಂದು ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತಿರುವಾಗ ಸೀಸೆಯ ಗಾಜಿಗೆ ಟಿಕ್ ಎಂದು ಸದ್ದಾಯಿತು. ಅದು ಮತ್ತೆ ಏಳಲು ನೋಡಿತ್ತು. ಆಮೇಲೆ ಏಳಲಿಲ್ಲ.

ಅವಳು ಅದರ ಹೊಟ್ಟೆ ಬಿಚ್ಚಿ ಸೂಕ್ಷ್ಮದರ್ಶಕದ ಮೇಲೆ ಬಾಗಿದಳು.

"ಹೆಣ್ಣದ್ರಿ ಸರ," ಎಂದಳು. "ಹೊಟ್ಟಿ ತುಂಬ ತತ್ತಿ ಅವ."

ಹೇಗೆ ಹೊರಬಂದೆ, ಯಾವ ಬಸ್ಸು ಹತ್ತಿದೆ ತಿಳಿಯದು. ಪಾಪಕ್ಕೆ ಅಂಜಿ ಒಂದನ್ನೇ ಒಯ್ದದ್ದೇ ಆ ಜೀವವನ್ನು ವ್ಯರ್ಥ ಮಾಡಿತ್ತು. ಆ ಸಂಜೆ ಊಟ ಸೇರಲಿಲ್ಲ. ಕಾಶೀಬಾಯಿ ತಟ್ಟೆಯ ಮುಂದೆ ಕುಳಿತು, "ಭಾವಾರ, ಮರಕ್ಕ ಇಷ್ಟು ಫಿಕರ್ ಮಾಡಬ್ಯಾಡ್ರಿ. ಅಕ್ಕ ಇದ್ದಿದ್ರ ಬೈತಿದ್ಲು," ಎಂದಳು. ಬೈಯುತ್ತಿದ್ದಳೋ ಏನೋ. ಮರುದಿನ ನಾನು ಮತ್ತೆ ಟೊಳ್ಳಿನ ಬಾಯಿಗೆ ಹೋದೆ. ಈ ಸಲ ಪೆಟ್ಟಿಗೆ ತುಂಬ ಹಿಡಿದೆ.

ಅವುಗಳಲ್ಲಿ ಗಂಡು ಸಿಕ್ಕಿತು. ಅದರ ಅಂಗವನ್ನು ಸುಜಾತಾ ತಾನು ನೋಡಿ, ತನ್ನ ಗುರುಗಳಿಗೂ ಚಿತ್ರ ಕಳಿಸಿ ಕೇಳಿ, ಸಂಜೆಗೆ ನನ್ನನ್ನು ಕರೆದಳು. "ಮರದ್ದ ಅದ್ರಿ ಸರ. ಪಕ್ಕಾ. ನಿಮ್ಮ ಮರ ನಿರಪರಾಧಿ." ಆಮೇಲೆ ಒಂದು ಲ್ಯಾಟಿನ್ ಹೆಸರು ಹೇಳಿದಳು. ಅದನ್ನು ಮಂತ್ರದಂತೆ ದಾರಿಯುದ್ದಕ್ಕೂ ಬಾಯಲ್ಲಿ ಆಡಿಸುತ್ತ ಬಂದೆ.

ಪಡುವಣ ದಿಕ್ಕಿನಲ್ಲಿ ಮಿರಗದ ಮೋಡ ಕಟ್ಟಿತ್ತು. ಗುರುಬಸಪ್ಪ ಹೊಲದಲ್ಲಿಯೇ ಇದ್ದ. ಬೀಜದ ಶುಂಠಿಯ ಚೀಲಗಳು ಬದುವಿಗೆ ಬಂದಿದ್ದವು. ಅವನು ನನ್ನ ಮಾತನ್ನು ಪೂರ್ಣ ಕೇಳಿ ನಂಬಿದ. ಅನಂತರ ಒಂದೇ ಪ್ರಶ್ನೆ ಕೇಳಿದ:

"ಹಂಗಾರ ನನ್ನ ಶುಂಠಿ ತಿಂದದ್ದು ಯಾವುದು ಅಣ್ಣಾ? ಅದರ ಮನಿ ಎಲ್ಲಿ ಅದ?"

ಮರವನ್ನು ಬಿಡಿಸಿಕೊಳ್ಳುವ ಆತುರದಲ್ಲಿ ಅದನ್ನು ನಾನು ಯೋಚಿಸಿರಲೇ ಇಲ್ಲ. ಅಷ್ಟರಲ್ಲಿ ಕಾಶೀಬಾಯಿ ಬುಟ್ಟಿ ಹಿಡಿದು ಬಂದಳು. ದೂರದಲ್ಲಿಯೇ ಚಪ್ಪಲಿ ಬಿಟ್ಟು, ನಿರ್ಮಾಲ್ಯದ ಪಟ್ಟಿಯ ಅಂಚಿನಲ್ಲಿ ನಿಂತು, ಕಾಲು ಮುಂದಿಡದೆ ಮೈ ಬಾಗಿಸಿ ಆ ದಿನದ ಪತ್ರೆಯನ್ನು ರಾಶಿಯ ಮೇಲೆ ಚೆಲ್ಲಿದಳು. ಒಣಗಿದ ಎಲೆಗಳು ಅಲುಗಿದವು. ರಾಶಿಯೊಳಗಿನಿಂದ ಟಿಕ್ ಎಂದಿತು. ಇನ್ನೊಂದು ಮೂಲೆಯಿಂದ ಟಿಕ್. ಆಮೇಲೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಅಲ್ಲಲ್ಲಿ, ಅಲ್ಲಲ್ಲಿ.

ಮೂವರೂ ಕೇಳಿದೆವು. ನಾನು ಮಂಡಿಯೂರಿ ಎರಡೂ ಕೈಗಳಿಂದ ಮೇಲಿನ ಎಲೆಗಳನ್ನು ಸರಿಸಿದೆ. ಕೆಳಗೆ ಕಪ್ಪಗೆ, ಹದವಾಗಿ, ತಣ್ಣಗಿದ್ದ ಮಣ್ಣಿನಲ್ಲಿ ತಾಮ್ರದ ತಂತಿಗಳು ಹೆಣೆದುಕೊಂಡು ಹೊರಳುತ್ತಿದ್ದವು.

ರಾತ್ರಿ ಫೋನು ಮಾಡಿದ್ದರಿಂದ, ಬೆಳಗಿನ ಮೊದಲ ಬಸ್ಸಿಗೆ ಸುಜಾತಾ ತನ್ನ ಸಾಮಾನುಗಳೊಡನೆ ಹೊಲಕ್ಕೇ ಬಂದಳು. ಮರದ ನೆರಳಲ್ಲಿ ಕುಳಿತು ರಾಶಿಯ ಹುಳಗಳನ್ನು ಬಿಚ್ಚಿ ನೋಡಿದಳು. ಅವು ಮಣ್ಣಿನವು. "ಉಳಲಾರದ, ತುಳೀಲಾರದ ಮಣ್ಣು ಬೇಕ್ರಿ ಇವಕ್ಕ ತತ್ತಿ ಇಡಾಕ," ಎಂದು ನೆಲ ನೋಡುತ್ತ ಹೇಳಿದಳು. "ಈ ಸುತ್ತಿನ್ಯಾಗ ಇಂಥಾ ಜಾಗ ಎಲ್ಲಿ ಸಿಗತದ ಸರ? ಗದ್ದುಗಿ ಕಲ್ಲಿನ ತನಕ ಪೂರಾ ಅಗದು ಹೊಳ್ಳಿ ಹಾಕಬೇಕು. ಬಿಸಲಿಗೆ ಸಾಯತಾವ, ಉಳದದ್ದು ಹಕ್ಕಿ ತಿಂತಾವ. ಪ್ರತಿ ವರ್ಷ ಉಳಬೇಕು."

ಅಂದರೆ ನೀಲಮ್ಮ ತನ್ನ ಕೈಯಾರೆ, ಕಾಲು ಸೋಕದಂತೆ, ವರುಷಗಟ್ಟಲೆ ಇಳಿಸಿದ ಪತ್ರೆಯನ್ನು ತುಳಿದು ಕಲಸಬೇಕು. ಮರವನ್ನು ಉಳಿಸಲು ನಾನು ಬೇಡಿದ ಗುರುತು ನನ್ನ ಕೈಗೆ ತಂದುಕೊಟ್ಟದ್ದು ಇದನ್ನು.

ಗುರುಬಸಪ್ಪ ಫೋನು ಮಾಡಿ ಗರಗಸದವನಿಗೆ ಬರಬೇಡವೆಂದು ಹೇಳಿದ. ಸಲಿಕೆ ಕೈಗೆತ್ತಿಕೊಂಡು ಅಂಚಿನವರೆಗೆ ಹೋದವನು ನಿಂತುಬಿಟ್ಟ. "ನನ್ನ ಕೈಲೆ ಆಗಂಗಿಲ್ಲ ಅಣ್ಣಾ. ಮರ ಕಡೀತಿದ್ದೆ. ಇದನ್ನ ತುಳಿ ಅಂದ್ರ ಕಾಲು ಏಳವೊಲ್ದು. ವೈನಿ ಹಾಕಿದ್ದು." ಕಾಶೀಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೂ ಹಾಕೀನ್ರಿ ಭಾವಾರ. ದಿನಾ ಹಾಕೀನಿ. ತಪ್ಪಾತೇನ್ರಿ?"

"ತಪ್ಪಲ್ಲವ್ವ," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಶಾಸ್ತ್ರವಿರಲಿಲ್ಲ.

"ನಾ ಅಗೀತಿದ್ದೆ ಸರ," ಎಂದಳು ಸುಜಾತಾ. "ಆದ್ರ ಇಲ್ಲಿ ನಾ ಕಾಲಿಟ್ರ ನಾಳೆ ಊರಾಗ ಬ್ಯಾರೆ ಮಾತ ಆಗತದ್ರಿ." ಅದು ನಿಜವಾಗಿತ್ತು. ನಾವು ಮೂವರೂ ತಲೆ ತಗ್ಗಿಸಿದೆವು.

ತಮ್ಮನ ಕೈಯಿಂದ ಸಲಿಕೆ ತೆಗೆದುಕೊಂಡೆ. ಲಿಂಗವನ್ನು ಎದೆಯಿಂದ ಇಳಿಸುವಂತಿಲ್ಲ. ಆದ್ದರಿಂದ ಲಿಂಗವನ್ನು ಧರಿಸಿಯೇ, ಲಿಂಗದಿಂದ ಇಳಿದ ಪತ್ರೆಯ ಮೇಲೆ ಬರಿಗಾಲು ಇಟ್ಟೆ. ಎಲೆಗಳು ಪುಡಿಯಾದವು. ಪಾದದ ಕೆಳಗೆ ಟಿಕ್ ಎಂದಿತು. ಅಂಗಾಲಿಗೆ ಆ ಪುಟ್ಟ ಒದೆತ ತಾಗಿತು. ಸಲಿಕೆ ಊರಿದೆ. ಮಣ್ಣು ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಹೀಗೆ ಅಗೆಯುತ್ತ ಕಲ್ಲಿನ ಹತ್ತಿರ ಬಂದಾಗ ಏದುಸಿರು ಬಂದು ನಿಂತೆ. ಆಗ ಗುರುಬಸಪ್ಪ ಬಂದು, ನನ್ನ ಪಕ್ಕದಲ್ಲಿ ತನ್ನ ಕಾಲನ್ನೂ ಇಟ್ಟು ಸಲಿಕೆಗೆ ಕೈ ಚಾಚಿದ.

ಆ ವರ್ಷ ಶುಂಠಿ ಪೂರ್ತಿ ಉಳಿಯಲಿಲ್ಲ; ಬದುವಿನ ಕಡೆಯ ಮಡಿಗಳು ಹೋದವು, ನಡುವಿನವು ನಿಂತವು. ಈಗ ಕಾಶೀಬಾಯಿ ನಿರ್ಮಾಲ್ಯವನ್ನು ಉಳುವ ಸಾಲಿನಲ್ಲಿಯೇ ಹಾಕಿ ಮಣ್ಣು ಮುಚ್ಚುತ್ತಾಳೆ. ಹಾಕುವಾಗ ಪ್ರತಿ ಸಲವೂ ಕೈ ಒಂದು ಗಳಿಗೆ ತಡೆಯುತ್ತದೆ. ಮರದ ಅರ್ಧ ಚಿಗುರುತ್ತದೆ, ಅರ್ಧ ಚಿಗುರುವುದಿಲ್ಲ. ತೊಗಟೆಯ ಮೇಲಿನ ಸುಣ್ಣದ ಗೆರೆಯನ್ನು ಮಳೆಗಳು ಇನ್ನೂ ಪೂರ್ಣ ತೊಳೆದಿಲ್ಲ. ನಾನು ಮಾಡಿದ್ದು ಪೂಜೆಯೋ ಅಪಚಾರವೋ ಎಂದು ಪ್ರತಿದಿನ ಅಂಗೈಯ ಲಿಂಗವನ್ನು ಕೇಳುತ್ತೇನೆ.

ಆ ದಿನ ಸಲಿಕೆ ಬಿಟ್ಟು ಗದ್ದುಗೆಯ ಪಕ್ಕದಲ್ಲಿ ಕುಸಿದು ಕುಳಿತಾಗ, ಬುಡಮೇಲಾದ ಮಣ್ಣಿನಿಂದ ಒಂದು ಹುಳ ಸಿಡಿದು ನೀಲಮ್ಮನ ಕಲ್ಲಿನ ಮೇಲೆ ಅಂಗಾತ ಬಿತ್ತು. ಮರದ್ದೋ ಮಣ್ಣಿನದೋ, ಗಂಡೋ ಹೆಣ್ಣೋ, ಕಣ್ಣಿಗೆ ತಿಳಿಯುವಂತಿರಲಿಲ್ಲ. ಕಾಲು ಆಡಿಸುತ್ತಿತ್ತು. ಬೆರಳು ಚಾಚಿದವನು ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ಬೆನ್ನು ಬಗ್ಗಿಸಿ, ಟಿಕ್ ಎಂದು ಹಾರಿ, ಮತ್ತೆ ಅಂಗಾತವೇ ಬಿತ್ತು. ನಾನು ಕಾದು ಕುಳಿತೆ. ಮಿರಗದ ಮೊದಲ ಹನಿ ಕಲ್ಲಿನ ಮೇಲೆ ಬಿದ್ದಿತು. ಹುಳ ಮತ್ತೆ ಬೆನ್ನು ಬಗ್ಗಿಸಿತು.